ಅತ್ತೆಯ ಕುಂಕುಮ ಡೇರೆ

ನಮ್ಮ ಹಿತ್ತಲಿನ ಪೈಪಿಗೆ ಹನ್ನೊಂದು ಕಡೆ ಗಾಯ. ಒಂದೊಂದಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದವರು ನನ್ನ ಅತ್ತೆ ರಾಜಲಕ್ಷ್ಮಮ್ಮ. ನಲ್ಲಿ ತಿರುಗಿಸಿದರೆ ನೀರು ಗಿಡದ ಬುಡ ಮುಟ್ಟುವ ಮೊದಲು ಹನ್ನೊಂದು ಸಲ ಉಗುಳುತ್ತದೆ. “ಪೈಪಿಗೂ ವಯಸ್ಸಾಯ್ತು ಕಣೆ, ನನ್ನಂಗೇ ಎಲ್ಲಾ ಕಡೆ ಹಿಡ್ಕಂಡೈತೆ” ಎಂದು ಅತ್ತೆ ತಾವೇ ನಗುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಪೈಪು ಉಳಿಯಿತು. ಅದನ್ನು ಎಳೆಯುವ ಕೆಲಸ ನನಗೆ ಬಂತು.

ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳು ಎಂಬ ಗಾದೆಯನ್ನು ಕಟ್ಟಿದವರು ನಮ್ಮ ಮನೆಯನ್ನು ನೋಡಿಯೇ ಕಟ್ಟಿರಬೇಕು. ಅವರು ಹೋದಾಗ ಬಂದವರಿಗೆಲ್ಲ ಕಾಫಿ ಕೊಡುವುದರಲ್ಲಿ ನನಗೆ ಅಳಲು ಪುರಸೊತ್ತಾಗಲಿಲ್ಲ. ಅತ್ತೆಗಾಗಿ ನಾನು ಅತ್ತೆ ಎಂದು ಹೇಳಿಕೊಳ್ಳುವ ಹಾಗಾದದ್ದು ಏಪ್ರಿಲ್‌ನಲ್ಲಿ, ಅದೂ ಬಸಳೆ ಚಪ್ಪರದ ಕೆಳಗೆ.

ನಾನು ಆಶಾ. ತವರು ಅರಸೀಕೆರೆ ಕಡೆ, ಬಯಲುಸೀಮೆ. ಸಕಲೇಶಪುರದ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ವರ್ಷವೆಲ್ಲ ಅತಿಥಿ, ಬೇಸಿಗೆ ರಜೆಯಲ್ಲಿ ಮಾತ್ರ ಯಸಳೂರಿನ ಆಚೆಯ ಈ ಮನೆಯ ಪೂರ್ಣಾವಧಿ ಸೊಸೆ. ಗಂಡ ದಯಾನಂದನಿಗೆ ಬೇಸಿಗೆ ಬಂತೆಂದರೆ ಎಂಟು ಎಕರೆ ಕಾಫಿ, ಒಂದು ಸ್ಪ್ರಿಂಕ್ಲರು, ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ತಿಳಿಯದ ತ್ರೀಫೇಸ್ ಕರೆಂಟು, ಇಷ್ಟೇ ಪ್ರಪಂಚ. ಕೆರೆಯ ನೀರೆಲ್ಲ ಕಾಫಿ ಹೂವಿಗೆ ಹೋಗಿ, ತಳದಲ್ಲಿ ಉಳಿದ ರಾಡಿ ಹಿತ್ತಲಿಗೆ ಬರುತ್ತಿತ್ತು.

ಆ ಹಿತ್ತಲಿನಲ್ಲಿ ಅತ್ತೆ ಕೊಂಡು ತಂದ ಗಿಡ ಒಂದೂ ಇಲ್ಲ. ಎಲ್ಲ ಕದ್ದ ಮಾಲು. “ಬೇಡಿ ತಂದ ಗಿಡ ಬದುಕಲ್ಲ, ಕದ್ದು ತಂದದ್ದು ಸಾಯಲ್ಲ” ಎನ್ನುವುದು ಈ ಕಡೆಯ ಹೆಂಗಸರೆಲ್ಲ ನಂಬಿದ ಮಾತು. ಆ ಕಳ್ಳತನಕ್ಕೂ ಒಂದು ಮರ್ಯಾದೆ ಉಂಟು. ನೆಂಟರು ಬಂದು ಹೂವಿನ ಗಿಡದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಮನೆಯಾಕೆ “ಕಾಫಿ ಇಡ್ತೀನಿ” ಎಂದು ಒಳಗೆ ಹೋಗಬೇಕು. ಹಾಲು ಉಕ್ಕುವ ತನಕ ಹೊರಗೆ ಬರಬಾರದು. ಬಂದವರ ಸೆರಗು ಉಬ್ಬಿದ್ದು ಕಂಡರೂ ಕೇಳಬಾರದು. ಕದ್ದವರು ಉಪಕಾರ ಆಯಿತು ಅನ್ನಬಾರದು. ಅಂದರೆ ಗಿಡ ಸುಟ್ಟುಹೋಗುತ್ತದೆ.

ಇನ್ನು ನನ್ನದೊಂದು ಚಟ ಹೇಳಬೇಕು. ಕೇಳಿದ ಧ್ವನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ಯಸಳೂರು ಬಸ್ಸಿನ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ಬೆಲ್ಲ ಸಿಕ್ಕಿಕೊಂಡ ಮಿಕ್ಸಿ, ಯಾರಾದರೂ ಸರಿ. ಮದುವೆಯಾಗಿ ಬಂದ ತಿಂಗಳೊಳಗೆ ಅತ್ತೆಯೂ ಅಂಟಿಕೊಂಡರು. ಅವರು ಹಿತ್ತಲಿನಿಂದ ಗಂಡನನ್ನು ಕರೆಯುವ “ಇವ್ರೇ…” ಬಾವಿಯಿಂದ ಕೊಡ ಸೇದಿದ ಹಾಗೆ ಮೇಲೆ ಮೇಲೆ ಬಂದು, ಕೊನೆಗೆ ಹಗ್ಗ ಕಡಿದಂತೆ ಪಟ್ಟನೆ ನಿಲ್ಲುತ್ತಿತ್ತು. ನಾನು ಹಾಗೇ ಕೂಗಿದರೆ ಅತ್ತೆಗೆ ಕೋಪ ಬರುವ ಬದಲು ಖುಷಿ. ಮನೆಗೆ ಯಾರೇ ಬರಲಿ, “ಆಶಾ, ನನ್ನಂಗೆ ಒಂದ್ಸಲ ಕೂಗೆ” ಎಂದು ಕೂಗಿಸಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅವರು ಹೋದ ಮೇಲೆ ನಾನು ಆ ಧ್ವನಿ ತೆಗೆದಿರಲಿಲ್ಲ.

ಏಪ್ರಿಲ್ ಮೊದಲ ವಾರ. ಅಲಸಂದೆ ಸಸಿಗಳನ್ನು ನವಿಲು ಮುಗಿಸಿತ್ತು. ಬೆಂಡೆಯನ್ನು ಮಂಗ ಮುಗಿಸಿತ್ತು. ಉಳಿದದ್ದು ಬಸಳೆ, ಕನಕಾಂಬರ, ಬಾಡಿದ ನಾಲ್ಕು ಗುಲಾಬಿ. ಚಪ್ಪರದ ಕೆಳಗೆ ನಾನು ಬಳ್ಳಿ ಎತ್ತಿ ಹಿಡಿದು ಕಟ್ಟುತ್ತಿದ್ದಾಗ ಪೈಪಿನ ಮೂರನೆಯ ಗಾಯ ಬಿಚ್ಚಿಕೊಂಡಿತು. ಇರುವ ಒಂದಿಷ್ಟು ನೀರು ದಾರಿಗೆ ಹೋಗುತ್ತಿದೆ, ಕೈ ಬಿಟ್ಟರೆ ಬಳ್ಳಿ ಮುರಿಯುತ್ತದೆ. “ಮಾವಾ, ನಲ್ಲಿ ನಿಲ್ಸಿ!” ಎಂದು ಮೂರು ಸಲ ಕೂಗಿದೆ. ಮಾವ ಮಹಾದೇವಯ್ಯನವರಿಗೆ ಎಪ್ಪತ್ತನಾಲ್ಕು. ಕಿವಿ ಸ್ವಲ್ಪ ಮಂದ. ಮುಂದಿನ ಜಗಲಿಯಲ್ಲಿ ಪೇಪರು ಹಿಡಿದು ಕುಳಿತವರಿಗೆ ಕೇಳಲಿಲ್ಲ. ಸಿಟ್ಟು ಬಂದು, ಯೋಚನೆ ಬರುವ ಮೊದಲೇ ಗಂಟಲಿನಿಂದ ಅದು ಬಂದುಬಿಟ್ಟಿತು.

“ಇವ್ರೇ…! ನಲ್ಲಿ ನಿಲ್ಸ್ ಬನ್ನಿ!”

“ಹೂಂ, ಬಂದೆ ಕಣೇ!”

ಒಂದೇ ಕಾಲಿನ ಚಪ್ಪಲಿಯಲ್ಲಿ ಮಾವ ಓಡಿ ಬಂದರು. ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ನೋಡಿದರು. ನಲ್ಲಿ ನಿಲ್ಲಿಸಿ, ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಿಚ್ಚಿದ ಟ್ಯೂಬನ್ನು ಪೈಪಿಗೆ ಸುತ್ತಿದರು.

“ಒಂದ್ ಸುತ್ತು ಸಾಲಲ್ಲ. ಅವ್ಳು ಎರಡು ಸುತ್ತು ಹಾಕೋಳು” ಎಂದಷ್ಟೇ ಹೇಳಿ ಎದ್ದು ಹೋದರು.

ನಾನು ಬಳ್ಳಿ ಹಿಡಿದುಕೊಂಡೇ ಅತ್ತೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಹಿತ್ತಲಿಗೆ ಹೋದರೆ ಮಾವ ಆಗಲೇ ನಲ್ಲಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ಐವತ್ತು ವರ್ಷ ಈ ಮನೆಯ ಕಾಫಿ ಗಿಡದ ಕೊಂಬೆ ಕತ್ತರಿಸಿ ಕಪಾತು ಮಾಡಿದ ಮನುಷ್ಯ ಹೆಂಡತಿಯ ಹಿತ್ತಲಿಗೆ ಕರೆಯದೆ ಕಾಲಿಟ್ಟವರಲ್ಲ.

“ತಿರುಗ್ಸಿ ಮಾವ” ಎಂದೆ.

ತಿರುಗಿಸಲಿಲ್ಲ. ಬಸಳೆ ಚಪ್ಪರದ ಕಡೆ ನೋಡುತ್ತ ನಿಂತರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಪ್ಪರದ ಕೆಳಗೆ ಹೋಗಿ, ಅವರಿಗೆ ಮುಖ ಕಾಣದ ಹಾಗೆ ನಿಂತು, ಕರೆದೆ.

“ಹೂಂ, ಬಂದೆ ಕಣೇ” ಎಂದು ನಲ್ಲಿ ತಿರುಗಿಸಿದರು.

ಅಲ್ಲಿಂದ ಅದು ದಿನಚರಿಯಾಯಿತು. ಆಮೇಲೆ ಇಬ್ಬರೂ ಆ ಮಾತೆತ್ತುವಂತಿಲ್ಲ. ಕಾಫಿ ಕೊಡುವಾಗ ನಾನು ಆಶಾ, ಚಪ್ಪರದ ಕೆಳಗೆ ಆಶಾ ಅಲ್ಲ. ಮೊದಮೊದಲು ನನಗೂ ಒಂದು ಬಗೆಯ ಆಟವೇ. ಅತ್ತೆಯ ಹೆಸರಿನಲ್ಲಿ ಮಾವನನ್ನು ಗದರಿಸುವ ಅವಕಾಶ ಯಾವ ಸೊಸೆಗೆ ಸಿಗುತ್ತದೆ? “ಇವ್ರೇ, ಗುಲಾಬಿ ತಲೆ ಮೇಲೆ ಹುಯ್ಬೇಡಿ, ಅದೇನ್ ನಿಮ್ ತಲೇನಾ, ಖಾಲಿ ಐತಾ?” ಎಂದರೆ ಮಾವ ಬೋಳುತಲೆ ಸವರಿಕೊಂಡು ನಗುತ್ತಿದ್ದರು. ಆರು ತಿಂಗಳಿನಿಂದ ಅರ್ಧ ಮುದ್ದೆಗೆ ಏಳುತ್ತಿದ್ದವರು ಒಂದು ಮುದ್ದೆ ಊಟ ಮಾಡತೊಡಗಿದರು.

ಆಟ ಯಾವ ದಿನ ನಿಂತಿತೆಂದು ನನಗೆ ಸರಿಯಾಗಿ ಹೇಳಲಾಗದು. ಒಂದು ಬೆಳಿಗ್ಗೆ “ಕನಕಾಂಬರಕ್ಕೆ ಇವತ್ತು ಬ್ಯಾಡ, ಬೇರಿಗೆ ಗೆದ್ದಲು ಬಂದೈತೆ, ಬೂದಿ ಹಾಕಿ” ಎಂದೆ. ಅಂದ ಮೇಲೆ, ನನಗೆ ಹೇಗೆ ಗೊತ್ತು ಎಂದು ಯೋಚಿಸಿದೆ. ಗಿಡ ಹಸಿರಾಗಿಯೇ ಇತ್ತು. ಮಾವ ಬುಡ ಕೆದಕಿದರು. ಗೆದ್ದಲು ಬೆಳ್ಳಗೆ ಮಿಜಿಗುಡುತ್ತಿತ್ತು.

ಅದೇ ದಿನ ಮಧ್ಯಾಹ್ನ ದಯಾನಂದ ಪಂಪ್‌ಸೆಟ್ಟಿನ ಹತ್ತಿರದಿಂದ ಫೋನ್ ಮಾಡಿದ.

“ಏ ಆಶಾ, ಅವ್ವನ ಥರ ಹಲೋ ಅನ್ಬ್ಯಾಡ ಮಾರಾಯ್ತಿ. ಎದೆ ಧಸಕ್ ಅಂತು.”

“ನಾನು ನನ್ ಥರಾನೇ ಅಂದೆ ಕಣ್ರೀ.”

ಅವನು ಸ್ಪ್ಯಾನರ್ ಎಲ್ಲಿದೆ ಎಂದು ಕೇಳಿದ. ಅದೂ ನನಗೆ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕಾಫಿ ಹೂ ಅರಳಿಸುವ ಹೂಮಳೆಯ ನಾಲ್ಕು ಹನಿ ಬಿದ್ದವು. ಮಣ್ಣಿನ ವಾಸನೆಗೆ ಮಾವ ಎದ್ದು ಕುಳಿತರು.

“ಆಶಾ, ಡೇರೆ ಗಡ್ಡೆ ಕೆಳಗಿಳ್ಸಮ್ಮ. ಅಡಿಗೆ ಮನೆ ಅಟ್ಟದ ಮ್ಯಾಲೆ ಬೂದಿ ಚೀಲದಲ್ಲಿ ಇರ್ತಾವೆ. ಯುಗಾದಿ ಆದ್ಮ್ಯಾಲೆ ಮೊಳಕೆ ನೋಡಿ ನೆಡ್ಬೇಕು.”

ಈ ಮನೆಗೆ ಬಂದ ಮೇಲೆ ನಾನು ನೋಡಿದ ಡೇರೆ, ಅಂದರೆ ಡೇಲಿಯಾ, ಹೂವುಗಳಲ್ಲಿ ನಮ್ಮದರ ಹಾಗೆ ಇನ್ನೊಂದಿಲ್ಲ. ಊಟದ ತಟ್ಟೆಯಷ್ಟು ಅಗಲ, ಒದ್ದೆ ಕುಂಕುಮದ ಬಣ್ಣ. ಮಳೆಗಾಲದ ಮೂರು ತಿಂಗಳು ಅಡಿಗೆ ಮನೆಯ ಕಿಟಕಿ ತುಂಬ ಅದೇ. ದೀಪಾವಳಿ ಮುಗಿದ ವಾರ ಅತ್ತೆ ಗೆಡ್ಡೆ ಕಿತ್ತು, ಒಣಗಿಸಿ, ಬೂದಿ ಹಾಕಿ ಕಟ್ಟಿಟ್ಟು, ಮರುವಾರ ಆಸ್ಪತ್ರೆ ಸೇರಿದರು. ಹಾಸನದ ಆ ವಾರ್ಡಿನಲ್ಲಿ ಮಾವನ ಕೈ ಹಿಡಿದು ಅವರು ಹೇಳಿದ್ದು ಮಗನ ಮಾತಲ್ಲ, ಮನೆಯ ಮಾತಲ್ಲ. “ಈ ಸಲ ಡೇರೆ ನೀವೇ ನೆಡಿ. ಕಿಟಕಿ ಖಾಲಿ ಬಿಡ್ಬ್ಯಾಡಿ.” ಮಾವ ಹೂಂ ಅಂದಿದ್ದರು. ಆಮೇಲೆ ಅವರಿಬ್ಬರ ನಡುವೆ ಮಾತಾಗಲಿಲ್ಲ.

ಅಟ್ಟ ಹತ್ತಿದೆ. ಬೂದಿ ಚೀಲ ಇತ್ತು, ಬಾಯಿ ಕಟ್ಟಿಯೇ ಇತ್ತು. ಬಿಚ್ಚಿದರೆ ಬೂದಿ ಮಾತ್ರ. ಆ ಗಂಟು ನನ್ನದೇ. ಒಂದೇ ಸುತ್ತಿನದು.

ಆಗ ಶಿವರಾತ್ರಿಯ ದಿನ ನೆನಪಾಯಿತು. ಶಿವರಾತ್ರಿ ಉಪವಾಸಕ್ಕೆ ಈ ಮನೆಯಲ್ಲಿ ಬೇಯಿಸಿದ ಗೆಣಸು ಆಗಲೇಬೇಕು. ದಯಾನಂದ ಯಸಳೂರಿನಿಂದ ತಂದದ್ದು ಸಾಲದಾಗಿ, ಅಟ್ಟದ ಮೇಲೆ ಅತ್ತೆ ಕಟ್ಟಿಟ್ಟ ಗೆಣಸಿನ ಚೀಲ ಕಂಡು ನಾನು ಕುಣಿದಿದ್ದೆ. ಉದ್ದುದ್ದ, ಸುಕ್ಕು ಸುಕ್ಕು, ಮೈತುಂಬ ಬೂದಿ. ತೊಳೆದು, ಹೆರೆದು, ಬೆಲ್ಲ ಹಾಕಿ ಬೇಯಿಸಿದ್ದೆ. ಗೆಡ್ಡೆಗೆಣಸು ಎಂದು ಕೂಡಿಸಿ ಪಾಠ ಮಾಡುವವಳಿಗೆ ಯಾವುದು ಗೆಡ್ಡೆ, ಯಾವುದು ಗೆಣಸು ಎಂದು ಬಿಡಿಸಿ ನೋಡಲು ಬರಲಿಲ್ಲ. ಬಯಲುಸೀಮೆಯವಳು, ಡೇರೆ ಹೂವನ್ನು ನೋಡಿದ್ದೆನೇ ಹೊರತು ಅದರ ಬೇರನ್ನು ನೋಡಿರಲಿಲ್ಲ. “ಏನೇ ಇದು, ಸೋಪು ತಿಂದಂಗೈತೆ” ಎಂದು ದಯಾನಂದ ಒಂದಕ್ಕೇ ಎದ್ದ. ಮಾವ ಎರಡು ತಿಂದರು. ಎರಡನೆಯದನ್ನು ಬಹಳ ನಿಧಾನವಾಗಿ.

ನಾವು ಅತ್ತೆಯ ಕಿಟಕಿಯನ್ನು ತಿಂದುಬಿಟ್ಟಿದ್ದೆವು. ನಾನೂ ಮೂರು ತಿಂದಿದ್ದೆ.

ಕೆಳಗಿಳಿದು ಬಂದು, “ಹೆಗ್ಗಣ ತಿಂದಿರ್ಬೇಕು ಮಾವ” ಎಂದೆ.

ಮಾವ ನನ್ನ ಮುಖ ನೋಡಲಿಲ್ಲ. “ಹೆಗ್ಗಣ ತಿಂದು ಚೀಲದ ಬಾಯಿ ಕಟ್ಟಿ ಹೋಗ್ತದಾ?” ಎಂದರು. ಬೈಯಲಿಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆ. ಆ ರಾತ್ರಿ ಅವರು ಮತ್ತೆ ಅರ್ಧ ಮುದ್ದೆಗೇ ಎದ್ದರು.

ಬೆಳಿಗ್ಗೆ ಅವರು ನಲ್ಲಿಯ ಹತ್ತಿರ, ನಾನು ಚಪ್ಪರದ ಕೆಳಗೆ. ಎಂದಿನಂತೆ ಕರೆದೆ. ಅವರು ಬಂದೆ ಅನ್ನಲಿಲ್ಲ.

“ಏನೇ,” ಎಂದರು. ನನಗಲ್ಲ, ಚಪ್ಪರಕ್ಕೆ. “ಡೇರೆ ಎಲ್ಲಿಟ್ಟಿದ್ದೀಯ, ಹೇಳ್ಬುಡು. ನಿಂಗೆ ಮಾತು ಕೊಟ್ಟಿದೀನಿ. ನಂಗೂ ಬಾಳ ದಿನ ಇಲ್ಲ.”

ಬಸಳೆ ಎಲೆಯ ಸಂದಿಯಿಂದ ಅವರ ಕೈ ಕಾಣುತ್ತಿತ್ತು, ನಲ್ಲಿ ತಿರುಗಿಸದೆ ಹಾಗೇ ಹಿಡಿದಿದ್ದರು. ಸಾಕು ಎನಿಸಿತು. ಹೊರಗೆ ಬಂದು, ಸೊಸೆಯಾಗಿ, ನನ್ನದೇ ಧ್ವನಿಯಲ್ಲಿ “ಮಾವ, ತಪ್ಪಾಯ್ತು” ಅನ್ನಬೇಕೆಂದುಕೊಂಡೆ. ಬಾಯಿ ತೆರೆದೆ. ಆದರೆ ಬಂದದ್ದು ಅದಲ್ಲ.

“ತಿಂದ್ಬುಟ್ರಲ್ಲ ಇವ್ರೇ, ಶಿವರಾತ್ರಿ ದಿನ! ನೀವೇ ಎರಡು ತಿಂದ್ರಿ. ಆ ಹುಡ್ಗಿಗೆ ಏನೂ ಅನ್ಬ್ಯಾಡಿ. ನಾನು ಈ ಮನೆಗೆ ಬಂದ ವರ್ಷ ನಿಮ್ಮವ್ವನ ಗಡ್ಡೆ ಬೇಯ್ಸಿ ಹಾಕಿರ್ಲಿಲ್ವಾ? ಹೆಗ್ಗಣದ ಮ್ಯಾಲೆ ಹೇಳಿ ನನ್ನ ಉಳ್ಸಿದ್ದು ನೀವೇ ಅಲ್ವಾ? ಆಮ್ಯಾಲೆ ದೋಣಿಗಲ್ಲಿಂದ ಕದ್ದು ತಂದ್ವಲ್ಲ, ಅಲ್ಲಿಗೇ ಹೋಗಿ.”

ಕೈಯಿಂದ ಬಾಯಿ ಮುಚ್ಚಿಕೊಂಡೆ. ಬೆರಳ ಸಂದಿಯಲ್ಲೂ ಕೊನೆಯ ಎರಡು ಪದ ಬಂದವು.

ನಲ್ಲಿಯಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಮಾವ ಚಪ್ಪರದ ತನಕ ನಡೆದು ಬಂದು ಬಳ್ಳಿ ಸರಿಸಿ ನನ್ನನ್ನು ನೋಡಿದರು.

“ಈ ಮಾತು ನಿಂಗ್ ಯಾರಮ್ಮ ಹೇಳಿದ್ದು?”

“ಯಾರೂ ಹೇಳಿಲ್ಲ ಮಾವ. ನಂಗೊತ್ತಿಲ್ಲ.”

“ನಮ್ಮವ್ವ ಸಾಯೋ ತನಕ ಹೆಗ್ಗಣ ಅಂತ್ಲೇ ನಂಬಿದ್ಲು. ನಲವತ್ತೆಂಟು ವರ್ಷ ಆಯ್ತು. ನಮ್ಮಿಬ್ರಿಗೆ ಬಿಟ್ರೆ ಇನ್ನೊಬ್ರಿಗೆ ಗೊತ್ತಿಲ್ಲ.” ಬಳ್ಳಿಯನ್ನು ಮತ್ತೆ ಚಪ್ಪರಕ್ಕೆ ಸಿಕ್ಕಿಸುತ್ತ, “ಅವತ್ತು ಬಾಯಿಗಿಟ್ಟ ತಕ್ಷಣ ಎಲ್ಲೋ ತಿಂದಂಗೈತಲ್ಲ ಅನ್ನುಸ್ತು. ನೆನಪಾಗ್ಲಿಲ್ಲ” ಎಂದರು. ಸಿಟ್ಟಿರಲಿಲ್ಲ. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಭಾನುವಾರ ಮಾವನೂ ನಾನೂ ಯಸಳೂರಿಗೆ ನಡೆದು, ಬಸ್ಸು ಹತ್ತಿ ಸಕಲೇಶಪುರಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ದೋಣಿಗಲ್ಲಿಗೆ ಹೋದೆವು. ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಏನು ಬರುತ್ತದೋ ಎಂಬ ಭಯ. ಟಿಕೆಟ್ಟಿಗೂ ಎರಡು ಬೆರಳು ತೋರಿಸಿದೆ.

ದೋಣಿಗಲ್ಲಿನ ವಿಶಾಲಮ್ಮ ಅತ್ತೆಯ ಚಿಕ್ಕಮ್ಮನ ಮಗಳು. ಹೆದ್ದಾರಿಯಿಂದ ಒಳಗೆ ಅರ್ಧ ಮೈಲಿ, ಘಾಟಿ ಇಳಿಯುವ ಲಾರಿಗಳ ಬ್ರೇಕಿನ ಸದ್ದು ಕೇಳುವಷ್ಟು ದೂರದಲ್ಲಿ ಮನೆ. ಅಂಗಳದ ತುಂಬ ಕುಂಡಗಳು.

“ಬರ್ಬೇಕು ಭಾವ, ಬರ್ಬೇಕು! ಅಕ್ಕ ಹೋದ್ಮ್ಯಾಲೆ ದಾರಿ ಮರ್ತೇ ಬುಟ್ರಿ ಅಂದ್ಕಂಡಿದ್ದೆ” ಎಂದು ವಿಶಾಲಮ್ಮ ನೀರು ತಂದುಕೊಟ್ಟರು. ಮಾವ ನೀರು ಕುಡಿದು ಅಂಗಳದಲ್ಲಿ ನಿಂತರು. ಕುಂಡಗಳನ್ನು ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ವಿಶಾಲಮ್ಮನ ತುಟಿ ಅಂಚಿನಲ್ಲಿ ನಗು ಬಂತು.

“ಕಾಫಿ ಇಡ್ತೀನಿ. ಬಾರೆ ಆಶಾ, ಒಳಗ್ ಬಾ. ಗಂಡಸರಿಗೆ ಗಿಡದ ವಿಷ್ಯ ಏನ್ ಗೊತ್ತಾಗ್ತದೆ, ನೋಡ್ಕಳ್ಳಿ ಪಾಪ.”

ಅಡಿಗೆ ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು, ನನ್ನ ಕೈಗೆ ಕೋಡುಬಳೆ ಕೊಟ್ಟು, ಸಕ್ಕರೆ ತರಲು ಪಕ್ಕದ ಉಗ್ರಾಣಕ್ಕೆ ಹೋದರು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎರಡು ಕೋಡುಬಳೆ ಒಟ್ಟಿಗೆ ಬಾಯಿಗೆ ತುರುಕಿದೆ. ಕಿಟಕಿಯಿಂದ ಮಾವ ಕಾಣುತ್ತಿದ್ದರು. ಒಂದು ಕುಂಡದ ಮುಂದೆ ಬಗ್ಗಿ, ಮಣ್ಣಿನಿಂದ ಗೆಡ್ಡೆ ಎತ್ತಿ, ಹೆಗಲ ಟವೆಲಿಗೆ ಹಾಕಿಕೊಳ್ಳುತ್ತಿದ್ದರು. ಗೆಡ್ಡೆಯ ಮೇಲೆ ಬಣ್ಣ ಬರೆದಿರುವುದಿಲ್ಲವಲ್ಲ.

“ಇವ್ರೇ…! ಅದಲ್ಲ, ಅದು ಬಿಳೀದು. ಮೂಲೆ ಕುಂಡದ್ದು ತಗಳಿ.”

ಬಾವಿಯಿಂದ ಕೊಡ ಸೇದಿದ ಹಾಗೆ ಬಂತು, ಹಗ್ಗ ಕಡಿದಂತೆ ನಿಂತಿತು. ಮಾವ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿ ಮೂಲೆಯ ಕುಂಡದ ಕಡೆ ಸರಿದರು.

“ಅಯ್ಯೋ ಮಾರಾಯ್ತಿ!” ಉಗ್ರಾಣದೊಳಗಿಂದ ವಿಶಾಲಮ್ಮ ನಕ್ಕರು. “ಅಕ್ಕನ ಧ್ವನಿ ಎಷ್ಟ್ ಚೆನ್ನಾಗ್ ಮಾಡ್ತೀಯೇ! ಮೈಯೆಲ್ಲ ಜುಂ ಅಂದ್ಬುಡ್ತು. ಇನ್ನೊಂದ್ ಸಲ ಕೂಗೆ.”

ಸಕ್ಕರೆ ಡಬ್ಬ ಹಿಡಿದು ನಗುತ್ತ ಬಾಗಿಲಿಗೆ ಬಂದವರು ನನ್ನನ್ನು ಕಂಡರು. ಉಬ್ಬಿದ ನನ್ನ ಎರಡೂ ಕೆನ್ನೆ ಕಂಡರು. ಅಗಿಯಲೂ ಆಗದೆ, ಉಗುಳಲೂ ಆಗದೆ ನಾನು ತಲೆ ಅಲ್ಲಾಡಿಸಿದೆ. ನಾನಲ್ಲ.

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಇಬ್ಬರೂ ಅದನ್ನು ಇಳಿಸಲಿಲ್ಲ.

ಹೊರಡುವಾಗ ಮಾವನ ಟವೆಲು ಉಬ್ಬಿತ್ತು. ವಿಶಾಲಮ್ಮ ಅದರ ಕಡೆ ನೋಡದೆ, ರೂಢಿಯಂತೆ ಏನೂ ಕೇಳದೆ, ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಬೆರಳು ತಣ್ಣಗಿತ್ತು.

“ಆ ಮೂಲೆ ಕುಂಡ ನಾನು ನಿನ್ನೆ ತಾನೆ ಅಲ್ಲಿಗ್ ತಂದಿಟ್ಟಿದ್ದು ಕಣೆ,” ಎಂದರು ಮೆಲ್ಲಗೆ. “ಅದ್ರಾಗೆ ಕುಂಕುಮದ್ದೈತೆ ಅಂತ ಯಾರಿಗೂ ಹೇಳಿಲ್ಲ.”

ಮಾವ ಆ ದಿನವೇ ಗೆಡ್ಡೆ ನೆಟ್ಟರು. ಅಡಿಗೆ ಮನೆಯ ಕಿಟಕಿಯ ಕೆಳಗೆ ಆರು ಗುಂಡಿ, ಬೂದಿ, ಸಗಣಿ ಗೊಬ್ಬರ, ಕೋಳಿ ಕೆದಕದ ಹಾಗೆ ಮುಳ್ಳುಕೊಂಬೆ. ನನ್ನನ್ನು ಮುಟ್ಟಲು ಬಿಡಲಿಲ್ಲ. “ಮಾತು ಕೊಟ್ಟೋನು ನಾನು” ಎಂದರು. ರಾತ್ರಿ ಒಂದು ಮುದ್ದೆ ಮುಗಿಸಿ ಇನ್ನರ್ಧ ಕೇಳಿದರು.

ನನ್ನ ಗಂಟಲು ಆ ರಾತ್ರಿಯಿಂದಲೇ ಖಾಲಿ. ಕಂಡಕ್ಟರ್ ಬರುತ್ತಾನೆ, ಪ್ರಿನ್ಸಿಪಾಲರು ಬರುತ್ತಾರೆ, ಮಿಕ್ಸಿ ಬರುತ್ತದೆ. ಬಚ್ಚಲ ಬಾಗಿಲು ಹಾಕಿಕೊಂಡು ಎಷ್ಟು ಸಲ “ಇವ್ರೇ” ಎಂದರೂ, ಅರಸೀಕೆರೆಯ ಯಾರೋ ಹೆಂಗಸು ಯಾರನ್ನೋ ಕರೆದ ಹಾಗೆ ಕೇಳಿಸುತ್ತದೆ.

ಗೆಡ್ಡೆ ನೆಟ್ಟ ಮಾರನೆಯ ಬೆಳಿಗ್ಗೆ ಏಳಕ್ಕೆ ಮಾವ ನಲ್ಲಿಯ ಹತ್ತಿರ ಹೋಗಿ ನಿಂತರು. ನಾನು ಚಪ್ಪರಕ್ಕೆ ಹೋಗಲಿಲ್ಲ. ಅಡಿಗೆ ಮನೆಯಲ್ಲಿ ಪಾತ್ರೆ ಹಿಡಿದು, ಇನ್ನು ಆ ಧ್ವನಿ ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ನಿಂತಿದ್ದೆ. ನನಗೆ ಏನೂ ಕೇಳಿಸಲಿಲ್ಲ. ದೂರದಲ್ಲಿ ದಯಾನಂದನ ಪಂಪಿನ ಸದ್ದು ಮಾತ್ರ.

“ಹೂಂ, ಬಂದೆ ಕಣೇ” ಎಂದರು ಮಾವ.

ನಲ್ಲಿ ಕಿರ್ರೆಂದಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಮಾವ ನಲ್ಲಿಯ ಮೇಲೆ ಕೈಯಿಟ್ಟು, ಚಪ್ಪರದ ಕಡೆ ನೋಡಿ ನಗುತ್ತ, ಅಲ್ಲೇ ನಿಂತಿದ್ದರು. ಪೈಪು ಹನ್ನೊಂದು ಕಡೆ ನೀರು ಉಗುಳುತ್ತ, ಯಾರೋ ತುದಿ ಹಿಡಿದು ಎಳೆದ ಹಾಗೆ ನೆಲದ ಮೇಲೆ ಸರಸರನೆ ಡೇರೆಯ ಪಾತಿಯ ಕಡೆಗೆ ಹೋಗುತ್ತಿತ್ತು.